ಚಿತ್ರಪಟದಲ್ಲಿ ರತ್ನ: ಉಬ್ಬುಗೆಲಸದಿಂದ ತೈಲವರ್ಣದವರೆಗೆ

ಬೆಲೆಬಾಳುವ ಹರಳೊಂದನ್ನು ಚಿತ್ರಿಸುವುದು ವರ್ಣಚಿತ್ರಕಾರನ ಪಾಲಿಗೆ ಯಾವ ಕಾಲಕ್ಕೂ ಸುಲಭದ ಕೆಲಸವಾಗಿಲ್ಲ. ಹಣ್ಣಿಗೆ, ಬಟ್ಟೆಗೆ, ಮೈಚರ್ಮಕ್ಕೆ ತಮ್ಮದೇ ಆದ ಬಣ್ಣವಿರುತ್ತದೆ. ಹರಳಿಗಿರುವುದು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕು. ನೋಡುವವನು ಕದಲಿದರೆ ಅದೂ ಕದಲುತ್ತದೆ, ದೀಪ ಅಲುಗಿದರೆ ಅದರ ಹೊಳಪು ಬೇರೆಡೆಗೆ ಸರಿಯುತ್ತದೆ. ಹೀಗೆ ನಿಲ್ಲದ ವಸ್ತುವನ್ನು ನಿಂತ ಪಟದಲ್ಲಿ ಹಿಡಿಯುವುದು ಹೇಗೆಂಬ ಪ್ರಶ್ನೆಗೆ ಬೇರೆ ಬೇರೆ ನಾಡಿನ ಚಿತ್ರಕಾರರು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಪಾಶ್ಚಾತ್ಯ ಕಲಾಲೋಕದಲ್ಲಿ ರತ್ನವನ್ನೇ ಏಕೈಕ ವಸ್ತುವನ್ನಾಗಿಸಿ, ಕಣ್ಣಿಗೆ ಕಂಡಂತೆ ತೈಲವರ್ಣದಲ್ಲಿ ಬಿಡಿಸುವ ಪ್ರವೃತ್ತಿ ಬೆಳೆದಿದೆ. ಅಮೆರಿಕದ ಕಲಾವಿದೆ ಆಂಜಿ ಕ್ರಾಬ್‌ಟ್ರೀ ಅವರ ಬೃಹದಾಕಾರದ ವಜ್ರಚಿತ್ರಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಈ ಚಿತ್ರಗಳ ಎದುರಿಗಿಟ್ಟು ನೋಡಿದಾಗ ನಮ್ಮ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ರತ್ನಗಳು ಕೇವಲ ಚುಕ್ಕೆಗಳಂತೆ ಕಂಡು, ಆ ಕಲೆಗೆ ವಾಸ್ತವದ ಅರಿವಿರಲಿಲ್ಲವೆಂಬ ತೀರ್ಮಾನಕ್ಕೆ ಬರುವುದು ಸುಲಭ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಶಾಸ್ತ್ರಗ್ರಂಥ, ಚಿತ್ರತಂತ್ರ ಹಾಗೂ ಜಾನಪದ ಕಲೆಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದಲ್ಲಿ ರತ್ನ ಮತ್ತು ಚಿತ್ರ

ರತ್ನ ಮತ್ತು ಚಿತ್ರ ಎರಡನ್ನೂ ಒಂದೇ ಗ್ರಂಥದಲ್ಲಿ ವಿವರವಾಗಿ ನಿರೂಪಿಸಿದ ಕೃತಿ ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬುದು ಗಮನಾರ್ಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126-1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ಯು ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಹರಡಿಕೊಂಡಿದೆ. ರತ್ನಗಳ ಗುಣದೋಷ ಪರೀಕ್ಷೆ ಬರುವುದು ರಾಜ್ಯದ ಸ್ಥೈರ್ಯವನ್ನು ಹೇಳುವ ಎರಡನೆಯ ವಿಂಶತಿಯಲ್ಲಿ, ಬೊಕ್ಕಸದ ಪ್ರಕರಣದಲ್ಲಿ. ಚಿತ್ರದ ವಿಚಾರ ಬರುವುದು ರಾಜನ ಉಪಭೋಗಗಳನ್ನು ಹೇಳುವ ಮೂರನೆಯ ವಿಂಶತಿಯಲ್ಲಿ, ಮನೆಯ ಅಲಂಕಾರದ ಸಂದರ್ಭದಲ್ಲಿ. ರತ್ನ ಅಧಿಕಾರದ ಆಧಾರ, ಚಿತ್ರ ಅಧಿಕಾರದ ಅನುಭೋಗ ಎಂಬ ವಿಂಗಡಣೆ ಇಲ್ಲಿ ತಾನಾಗಿಯೇ ಮೂಡಿದೆ.

ಸೋಮೇಶ್ವರನು ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ವಿಭಾಗಿಸುತ್ತಾನೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ಮೂಲವನ್ನು ಹೋಲುವ ಚಿತ್ರವೇ ವಿದ್ಧ. ಕಂಡದ್ದನ್ನು ಕಂಡಂತೆ ಬಿಡಿಸುವ ಪರಿಕಲ್ಪನೆ ನಮ್ಮ ಶಾಸ್ತ್ರಕಾರರಿಗೆ ಹನ್ನೆರಡನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಆದರೆ ಅದು ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕನ್ನು ಅಳೆಯುವ ಮಾನದಂಡವಲ್ಲ. ಇದೇ ಗ್ರಂಥ ಬಣ್ಣವನ್ನು ಹಿಡಿದಿಡುವ ಅಂಟಾಗಿ ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆಯುವ ‘ವಜ್ರಲೇಪ’ವನ್ನು ಹೇಳುತ್ತದೆ. ವಜ್ರದ ಹೆಸರು ಇಲ್ಲಿ ಹೊಳಪಿಗಾಗಿ ಬಂದಿಲ್ಲ, ಗಟ್ಟಿತನಕ್ಕಾಗಿ ಬಂದಿದೆ.

ಬಣ್ಣವೇ ಹರಳಾದ ಭಾಷೆ

ರತ್ನವನ್ನು ಕನ್ನಡಿಗರು ಹೇಗೆ ಕಂಡರೆಂಬುದನ್ನು ತಿಳಿಯಲು ಶಾಸ್ತ್ರಕ್ಕಿಂತ ಆಡುಮಾತು ಹೆಚ್ಚು ನೆರವಾಗುತ್ತದೆ. ಒಡವೆಯ ಮಾತಿನಲ್ಲಿ ‘ಕೆಂಪು’ ಎಂದರೆ ಮಾಣಿಕ್ಯ. ಕೆಂಪಿನ ಓಲೆ, ಕೆಂಪಿನ ಬಳೆ, ಕೆಂಪಿನ ಪದಕ ಎಂಬ ಪ್ರಯೋಗಗಳು ಇಂದಿಗೂ ಮನೆಮನೆಯಲ್ಲಿವೆ. ‘ಪಚ್ಚೆ’ ಎಂಬುದು ಹಸಿರಿನ ಹೆಸರೂ ಹೌದು, ಹರಳಿನ ಹೆಸರೂ ಹೌದು. ‘ನೀಲ’ದ ಮಾತೂ ಅಷ್ಟೇ. ಮಾಣಿಕ್ಯಕ್ಕೆ ಒಂದು ಹೆಸರು, ಅದರ ಬಣ್ಣಕ್ಕೆ ಮತ್ತೊಂದು ಹೆಸರು ಎಂಬ ಭೇದವನ್ನು ಬಳಕೆಯ ಭಾಷೆ ಮಾಡಿಲ್ಲ. ಇಂತಹ ಭಾಷೆಯಲ್ಲಿ ಬೆಳೆದ ಚಿತ್ರಗಾರನಿಗೆ ದೇವಿಯ ಪದಕದ ನಡುವೆ ಶುದ್ಧವಾದ ಕೆಂಪನ್ನು ಇಟ್ಟರೆ ಹರಳನ್ನೇ ಇಟ್ಟಂತಾಯಿತು. ಬಣ್ಣವು ಹರಳಿನ ಸಂಕೇತವಲ್ಲ, ಹರಳಿನ ಇನ್ನೊಂದು ರೂಪ.

ಇದಕ್ಕೆ ಗ್ರಹಗಳ ನಂಬಿಕೆಯೂ ಸೇರಿಕೊಂಡಿತು. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ ಎಂಬ ಕ್ರಮವು ಪಂಡಿತರಿಂದ ಪಾಮರರವರೆಗೆ ಬಳಕೆಯಲ್ಲಿದೆ. ಈ ಹಿನ್ನೆಲೆಯಲ್ಲಿ ಹರಳಿನ ಬಣ್ಣ ತಪ್ಪುವುದೆಂದರೆ ಅರ್ಥವೇ ತಪ್ಪುವುದು. ಹೊಳಪು ಕಡಿಮೆಯಾಗುವುದು ಅಂತಹ ದೋಷವಲ್ಲ. ಜನಪದ ಕಥೆಗಳಲ್ಲಿ ಹೆಡೆಯ ಮೇಲಿನ ನಾಗಮಣಿಯು ಕತ್ತಲೆಯಲ್ಲಿ ತಾನೇ ಬೆಳಕು ಕೊಡುತ್ತದೆ, ಹೊರಗಿನ ಬೆಳಕನ್ನು ಹಿಂದಿರುಗಿಸುವುದಿಲ್ಲ. ಜನಪದ ಕಲ್ಪನೆಯ ರತ್ನ ದೀಪವೇ ಹೊರತು ಕನ್ನಡಿಯಲ್ಲ.

ಮೈಸೂರು ಸಂಪ್ರದಾಯದ ಉಬ್ಬುಗೆಲಸ

ವಿಜಯನಗರದ ಪೇಟೆಯಲ್ಲಿ ರತ್ನಗಳ ವ್ಯಾಪಾರ ಬಹಿರಂಗವಾಗಿ ನಡೆಯುತ್ತಿದ್ದುದನ್ನು 1443ರಲ್ಲಿ ಬಂದ ಅಬ್ದುಲ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನೂ ದಾಖಲಿಸಿದ್ದಾರೆ. ಅದೇ ಕಾಲದ ಚಿತ್ರಕಲೆಯ ಕುರುಹುಗಳು ಹಂಪಿಯ ವಿರೂಪಾಕ್ಷ ದೇವಾಲಯದ ಮಾಳಿಗೆಯಲ್ಲಿಯೂ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿಯೂ ಉಳಿದಿವೆ. ಅಲ್ಲಿಯ ಆಭರಣಗಳು ಸಮತಲದ ಬಣ್ಣ ಮತ್ತು ಗೆರೆಗಳಲ್ಲಿ ಮೂಡಿದವು. 1565ರ ಯುದ್ಧದ ನಂತರ ಚದುರಿದ ಚಿತ್ರಗಾರ ಕುಟುಂಬಗಳಲ್ಲಿ ಕೆಲವು ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ (1578-1617) ಆಶ್ರಯ ಪಡೆದವೆಂದು ಮೈಸೂರು ಶೈಲಿಯ ಇತಿಹಾಸವನ್ನು ಹೇಳುವಾಗ ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಈ ಶೈಲಿ ತನ್ನ ಪೂರ್ಣ ರೂಪವನ್ನು ಪಡೆದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಕಾಲದಲ್ಲಿ. ಅವರ ಪ್ರೋತ್ಸಾಹದಿಂದ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳು ದೇವತೆಗಳ, ಗ್ರಹಗಳ ಸ್ವರೂಪಲಕ್ಷಣಗಳನ್ನು ಸಚಿತ್ರವಾಗಿ ನೀಡಿ ಚಿತ್ರಗಾರರಿಗೆ ಆಕರವಾದವು.

ಈ ಶೈಲಿಯಲ್ಲಿ ಆಭರಣ ಮೂಡುವ ಕ್ರಮ ವಿಶಿಷ್ಟವಾದುದು. ಹಲಗೆಗೆ ಬಟ್ಟೆ ಅಥವಾ ಕಾಗದವನ್ನು ಅಂಟಿಸಿ ನೆಲೆಯನ್ನು ಹದಗೊಳಿಸುತ್ತಾರೆ. ಹುಣಿಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖಾಕೃತಿಯನ್ನು ಬಿಡಿಸುತ್ತಾರೆ. ಬಳಿಕ ಕಿರೀಟ, ಪದಕ, ತೋಳಬಂದಿ, ಸಿಂಹಾಸನದ ಅಂಚು ಇವುಗಳ ಮೇಲೆ ‘ಮಕ್ಕಿ ಸಫೇದ’ದ ಉಬ್ಬುಗೆಲಸ ನಡೆಯುತ್ತದೆ. ಮಕ್ಕಿ ಎಂಬುದು ಮರದ ಹಾಲಿನಿಂದ ಬರುವ ಹಳದಿ ರಾಳ, ಸಫೇದವೆಂಬುದು ಬಿಳಿಯ ಪುಡಿ. ಹಿಂದೆ ಸೀಸದ ಬಿಳಿಯನ್ನೂ, ನಂತರದ ಕಾಲದಲ್ಲಿ ಸತುವಿನ ಬಿಳಿಯನ್ನೂ ಬಳಸಲಾಗಿದೆ. ಇವೆರಡನ್ನು ಗೋಂದಿನೊಡನೆ ಅರೆದು ಕುಂಚದಿಂದ ಪದರ ಪದರವಾಗಿ ಇಡುತ್ತಾರೆ. ಉಬ್ಬು ಒಣಗಿದ ಮೇಲೆ ಅಪ್ಪಟ ಚಿನ್ನದ ತೆಳುಹಾಳೆಯನ್ನು ಕೂರಿಸಿ, ಮೇಲೆ ತೆಳುಕಾಗದವಿಟ್ಟು ನುಣುಪಾದ ಕಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಾರೆ.

ತಂಜಾವೂರು ಶೈಲಿಗೂ ಮೈಸೂರು ಶೈಲಿಗೂ ಇರುವ ಮುಖ್ಯ ವ್ಯತ್ಯಾಸ ಈ ಹಂತದಲ್ಲಿಯೇ ಇದೆ. ತಂಜಾವೂರಿನಲ್ಲಿ ಸೀಮೆಸುಣ್ಣದ ಪುಡಿಯ ದಪ್ಪ ಉಬ್ಬಿನೊಳಗೆ ಗಾಜಿನ ಹರಳುಗಳನ್ನೇ ಕೂರಿಸುವ ರೂಢಿಯಿದೆ. ಮೈಸೂರಿನ ಉಬ್ಬು ತೆಳುವಾದುದು, ದಾರದೆಳೆಯಷ್ಟು ಸೂಕ್ಷ್ಮವಾದುದು. ಹರಳು ಅಲ್ಲಿ ಬಣ್ಣದಲ್ಲಿಯೇ ಮೂಡುತ್ತದೆ. ಒಂದು ಸಂಪ್ರದಾಯ ಹರಳನ್ನು ತಂದಿಟ್ಟಿತು, ಇನ್ನೊಂದು ಹರಳನ್ನು ಬರೆಯಿತು. ಹೊರಗಿನ ಹೊಳಪಿನ ವಸ್ತುವನ್ನು ನೆಚ್ಚದೆ ಚಿನ್ನದ ಅಂಚು, ಬಣ್ಣದ ತಿರುಳು, ಬೆಳಕಿನ ಬಿಂದು ಇವಿಷ್ಟರಲ್ಲಿ ರತ್ನವನ್ನು ಕಾಣಿಸಲು ಹೊರಟುದರಿಂದ ಮೈಸೂರಿನ ಚಿತ್ರಗಾರನ ಸಮಸ್ಯೆ ತೈಲವರ್ಣದ ಕಲಾವಿದನ ಸಮಸ್ಯೆಗೆ ಹತ್ತಿರವಾದುದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಆ ಕಾಲದ ಆಭರಣಗಳಲ್ಲಿದ್ದ ಹರಳು ಇಂದಿನ ಅಂಗಡಿಗಳಲ್ಲಿ ಕಾಣುವ ಹರಳಿನಂತಿರಲಿಲ್ಲ. ಮಾಣಿಕ್ಯ, ಪಚ್ಚೆಗಳನ್ನು ಬಹುಮಟ್ಟಿಗೆ ಮುಖಗಳಿಲ್ಲದೆ ಗುಂಡಾಗಿ ಉಜ್ಜಿ, ಹಿಂಬದಿಗೆ ತಗಡನ್ನಿಟ್ಟು, ಸುತ್ತಲೂ ಚಿನ್ನದಿಂದ ಮುಚ್ಚಿ ಕೂರಿಸುತ್ತಿದ್ದರು. ಇಂತಹ ಹರಳು ಕಿಡಿಗಳನ್ನು ಚಿಮ್ಮುವುದಿಲ್ಲ. ತುಂಬಿದ ಬಣ್ಣ, ಅದರ ಮೇಲೊಂದು ಬಿಳಿಯ ಹೊಳಪಿನ ಬಿಂದು, ಸುತ್ತಲೂ ಚಿನ್ನದ ಕಟ್ಟು, ಕಣ್ಣಿಗೆ ಕಾಣುವುದು ಇಷ್ಟೇ. ಮೈಸೂರು ಪಟದಲ್ಲಿ ಇರುವುದೂ ಇಷ್ಟೇ. ಹಾಗಾಗಿ ಇಂದಿನ ವಜ್ರದ ಹೊಳಪನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಪಟದ ಹರಳನ್ನು ‘ಚುಕ್ಕೆ’ ಎನ್ನುವುದು ಕಾಲವ್ಯತ್ಯಾಸವನ್ನು ಮರೆತ ಮಾತಾಗುತ್ತದೆ. ಆ ಚುಕ್ಕೆ ತನ್ನ ಕಾಲದ ಹರಳಿಗೆ ಸಾಕಷ್ಟು ನಿಷ್ಠವಾದ ಚಿತ್ರವೇ ಆಗಿತ್ತು.

ಈ ಪಟಗಳು ಇದ್ದ ಸ್ಥಳವನ್ನೂ ಮರೆಯುವಂತಿಲ್ಲ. ದೇವರ ಕೋಣೆಯಲ್ಲಿ ಎಣ್ಣೆದೀಪದ ಬೆಳಕಿನಲ್ಲಿ ನೋಡಲೆಂದು ರಚಿತವಾದ ಪಟದಲ್ಲಿ ಉಬ್ಬಿದ ಚಿನ್ನದ ಒಂದೊಂದು ಅಂಚೂ ಜ್ವಾಲೆಯ ಅಲುಗಾಟಕ್ಕೆ ತಕ್ಕಂತೆ ಬೆಳಗುತ್ತದೆ, ಮಂಕಾಗುತ್ತದೆ. ರತ್ನದ ಚಲನೆಯನ್ನು ಚಿತ್ರಗಾರ ಬಿಡಿಸಲಿಲ್ಲ; ಅದು ಪಟದ ಎದುರಿಗೆ ನಿಜವಾಗಿಯೇ ಜರುಗುವಂತೆ ಮಾಡಿದ.

ಜಾನಪದ ಕಲೆಗಳಲ್ಲಿ ರತ್ನದ ಬೆಳಕು

ಇದೇ ವಿವೇಕವನ್ನು ನಮ್ಮ ಜಾನಪದ ಕಲೆಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ತೊಗಲುಗೊಂಬೆಯಾಟದಲ್ಲಿ ದೇವತೆಗಳ, ರಾಜರ ಆಭರಣಗಳನ್ನು ತೊಗಲಿನಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು ಮೂಡಿಸುತ್ತಾರೆ. ಪರದೆಯ ಹಿಂದಿನ ದೀಪದ ಬೆಳಕು ಆ ರಂಧ್ರಗಳಲ್ಲಿ ಹಾದುಬಂದಾಗ ಪ್ರೇಕ್ಷಕನಿಗೆ ಅವು ಹರಳುಗಳಾಗಿ ಕಾಣುತ್ತವೆ. ರತ್ನವನ್ನು ತೋರಿಸಲು ಕಲಾವಿದ ಏನನ್ನೂ ಸೇರಿಸುವುದಿಲ್ಲ, ಬದಲಾಗಿ ತೆಗೆಯುತ್ತಾನೆ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳಲ್ಲಿ ಹಗುರವಾದ ಮರದ ತುಂಡುಗಳ ಮೇಲೆ ಬೇಗಡೆಯನ್ನು ಹೊದಿಸಿ, ಕನ್ನಡಿಯ ಚೂರುಗಳನ್ನು ಕೂರಿಸುತ್ತಾರೆ. ವೇಷಧಾರಿಯ ಕುಣಿತವೇ ಅಲ್ಲಿ ರತ್ನದ ಕಾಂತಿಯನ್ನು ಹುಟ್ಟಿಸುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಪದ್ಧತಿ ಮೈಸೂರಿನ ಪದ್ಧತಿಗೆ ಹೆಚ್ಚು ಸಮೀಪವಾದುದು. ಮರದ ಮೂರ್ತಿಗಳ ಮೇಲೆ ಬೆಣಚುಕಲ್ಲಿನ ಪುಡಿ ಮತ್ತು ಅಂಟನ್ನು ಕಲಸಿದ ‘ಗೊಜ್ಜಿ’ನಿಂದ ಆಭರಣಗಳನ್ನು ಉಬ್ಬಾಗಿ ಮೂಡಿಸಿ, ಅವುಗಳಿಗೆ ಲೋಹದ ಮೆರುಗನ್ನು ಕೊಡುತ್ತಾರೆ. ತಮ್ಮ ಪೂರ್ವಿಕರು ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನೂ ಮರದ ತೇರನ್ನೂ ಮಾಡಿದವರೆಂಬ ನಂಬಿಕೆ ಈ ಕುಶಲಿಗಳಲ್ಲಿ ಪರಂಪರೆಯಿಂದ ಬಂದಿದೆ. ಕಿನ್ನಾಳದ ಗೊಜ್ಜು, ಮೈಸೂರಿನ ಮಕ್ಕಿ ಸಫೇದ ಇವುಗಳ ಸಾಮಗ್ರಿ ಬೇರೆಯಾದರೂ ದೃಷ್ಟಿ ಒಂದೇ. ಅರಮನೆಯ ಕಲೆ, ಜನಪದರ ಕಲೆ ಎಂದು ನಾವು ಎಳೆಯುವ ಗೆರೆಯು ರತ್ನದ ಚಿತ್ರಣದ ಮಟ್ಟಿಗೆ ಅಳಿಸಿಹೋಗುತ್ತದೆ.

ತೈಲವರ್ಣದ ಆಗಮನ

ಯುರೋಪಿನಲ್ಲಿ ಈ ಸಮಸ್ಯೆಗೆ ದೊರೆತ ಉತ್ತರ ಬೇರೆಯಾಗಿತ್ತು. ಲಿಯೊನ್ ಬಟಿಸ್ಟ ಆಲ್ಬರ್ಟಿಯು 1435ರ ತನ್ನ ಚಿತ್ರಕಲಾ ಗ್ರಂಥದಲ್ಲಿ ಚಿನ್ನವನ್ನು ಚಿನ್ನದಿಂದ ತೋರಿಸುವುದಕ್ಕಿಂತ ಬಣ್ಣದಿಂದ ತೋರಿಸುವವನೇ ಹೆಚ್ಚಿನ ಪ್ರಶಂಸೆಗೆ ಅರ್ಹನೆಂದು ವಾದಿಸಿದ. ಅದಕ್ಕೆ ಮೂರು ವರ್ಷ ಹಿಂದೆ, 1432ರಲ್ಲಿ ಪೂರ್ಣಗೊಂಡ ಗೆಂಟ್ ನಗರದ ವೇದಿಕೆಚಿತ್ರದಲ್ಲಿ ಯಾನ್ ವಾನ್ ಐಕ್ ಕಿರೀಟ, ಪದಕಗಳ ಹರಳುಗಳನ್ನು ತೈಲವರ್ಣದಲ್ಲಿ ಬಿಡಿಸಿ, ಅವುಗಳ ಮೈಮೇಲೆ ಎದುರಿನ ಬೆಳಕಿನ ಪ್ರತಿಬಿಂಬವನ್ನೂ ತೋರಿಸಿದ್ದ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ತೆಳುವಾದ ಪಾರದರ್ಶಕ ಪದರಗಳಾಗಿ ಒಂದರ ಮೇಲೊಂದು ಹಚ್ಚಿದಾಗ ಬೆಳಕು ಒಳಹೊಕ್ಕು, ಕೆಳಗಿನ ಬಿಳಿಯ ನೆಲೆಯನ್ನು ಮುಟ್ಟಿ, ಬಣ್ಣ ಪಡೆದು ಹಿಂದಿರುಗುತ್ತದೆ. ಮಾಣಿಕ್ಯದೊಳಗೆ ಬೆಳಕು ವರ್ತಿಸುವ ರೀತಿಯನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ಗೋಂದಿನ ಬಣ್ಣ ಒಣಗಿದಾಗ ಕಣಗಳ ನಡುವೆ ಗಾಳಿ ಸೇರಿ ಮೇಲ್ಮೈ ಮಂಕಾಗುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿಕೊಂಡೇ ಉಳಿಯುವುದರಿಂದ ಬಣ್ಣಕ್ಕೆ ಆಳ ಬರುತ್ತದೆ.

ಈ ತಂತ್ರವನ್ನು ಮೈಸೂರು ಅರಮನೆಗೆ ಪ್ರಭಾವಶಾಲಿಯಾಗಿ ತಂದವರಲ್ಲಿ ರಾಜಾ ರವಿವರ್ಮ (1848-1906) ಪ್ರಮುಖರು. ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ಅವರು 1885ರಲ್ಲಿ ಮೈಸೂರಿಗೆ ಬಂದರು. ಬದುಕಿನ ಕೊನೆಯ ವರ್ಷಗಳಲ್ಲಿ ಮತ್ತೆ ಮೈಸೂರು ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳ ಕೆಲಸವನ್ನು ಕೈಗೊಂಡರು. ದೇಶದ ಬೇರೆ ಬೇರೆ ಭಾಗಗಳ ಸ್ತ್ರೀಯರು ವಾದ್ಯಗಳೊಡನೆ ಕುಳಿತಿರುವ, 1889ರ ಸುಮಾರಿನ ಅವರ ಚಿತ್ರವನ್ನು ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ನೋಡುವವರು ಒಂದು ಸಂಗತಿಯನ್ನು ಗುರುತಿಸಬಹುದು. ಅಲ್ಲಿ ಮೂಗುತಿಯ, ಓಲೆಯ, ಸರದ ಹರಳುಗಳಿಗೆ ಉಬ್ಬಿಲ್ಲ, ಚಿನ್ನದ ಹಾಳೆಯಿಲ್ಲ. ಹತ್ತಿರದಿಂದ ಅವು ಹಳದಿ, ಕಂದು, ಬಿಳಿಯ ಕುಂಚದ ಗುರುತುಗಳು, ದೂರದಿಂದ ಒಡವೆಗಳು. ಹರಳಿನ ಹೊಳಪು ತೊಟ್ಟವಳ ಮೈಮೇಲೆ ಬಿದ್ದ ಬೆಳಕಿನ ದಿಕ್ಕಿಗೆ ಬದ್ಧವಾಗಿದೆ. ಚಿನ್ನಕ್ಕೆ ಚಿನ್ನವೇ ಬೇಕೆಂಬ ಮಾತು ಅರಮನೆಯಲ್ಲಿ ಇಲ್ಲಿಗೆ ತನ್ನ ಬಲವನ್ನು ಕಳೆದುಕೊಂಡಿತು.

ಇದರ ಪರಿಣಾಮ ಕಲೆಯ ಅಭಿರುಚಿಗಷ್ಟೇ ಸೀಮಿತವಾಗಲಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದ ಅಗ್ಗದ ಪಟಗಳು ಮನೆಮನೆಯ ದೇವರ ಗೂಡನ್ನು ಹೊಕ್ಕವು. ಉಬ್ಬುಗೆಲಸದ ಪಟಕ್ಕೆ ಬೇಕಾದ ಚಿನ್ನ, ಸಮಯ, ಶ್ರಮಗಳೊಂದಿಗೆ ಈ ಪಟಗಳು ಸ್ಪರ್ಧಿಸಲೇಬೇಕಾಗಿರಲಿಲ್ಲ. ಮೈಸೂರಿನ ಆಸ್ಥಾನ ಚಿತ್ರಗಾರ ಮನೆತನದಲ್ಲಿ ಜನಿಸಿದ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಜಲವರ್ಣದ ನಿಸರ್ಗಚಿತ್ರಗಳಿಂದ ಕೀರ್ತಿ ಪಡೆದರು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ 1934ರಿಂದ 1945ರವರೆಗೆ ರಚಿತವಾದ ದಸರಾ ಮೆರವಣಿಗೆಯ ಚಿತ್ರಮಾಲೆಯೂ ತೈಲವರ್ಣದ್ದೇ. ಅಂಬಾರಿ, ಆನೆಯ ಜೂಲು, ರಾಜಪರಿವಾರದ ಪೋಷಾಕು ಎಲ್ಲವೂ ಅಲ್ಲಿ ಕಂಡಂತೆ ಮೂಡಿವೆ. ಅರಮನೆಯ ಗೋಡೆಯಲ್ಲಿಯೇ ಉಬ್ಬುಗೆಲಸ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತ್ತು.

ಧರಿಸುವವರಿಲ್ಲದ ರತ್ನ

ಈಗ ಸಮಕಾಲೀನ ವಜ್ರಚಿತ್ರಗಳತ್ತ ಮರಳಬಹುದು. ಇಲ್ಲಿ ಚಿತ್ರಿತವಾಗುವ ಹರಳು ಮುಖಗಳಾಗಿ ಕತ್ತರಿಸಿದ್ದು. ದುಂಡಗಿನ ವಜ್ರಕ್ಕೆ ಐವತ್ತೇಳು ಅಥವಾ ಐವತ್ತೆಂಟು ಮುಖಗಳನ್ನು ಕೊಡುವ ಇಂದಿನ ಕತ್ತರಿಕೆಗೆ ಮಾರ್ಸೆಲ್ ಟೊಲ್ಕೋವ್‌ಸ್ಕಿ 1919ರಲ್ಲಿ ಗಣಿತದ ಅಳತೆಗಳನ್ನು ಒದಗಿಸಿದ. ವಜ್ರದ ವಕ್ರೀಭವನ ಸೂಚ್ಯಂಕ 2.42, ಗಾಜಿನದು 1.5ರ ಸುಮಾರು. ಈ ಕಾರಣದಿಂದ ಮೇಲಿನಿಂದ ಹೊಕ್ಕ ಬೆಳಕಿನ ಬಹುಪಾಲು ಒಳಗೇ ಪ್ರತಿಫಲಿಸಿ ಮೇಲಕ್ಕೇ ಬರುತ್ತದೆ. ಇದನ್ನು ಬಿಡಿಸಹೊರಟ ಕಲಾವಿದ ಬಿಳಿಯ ಬಣ್ಣವನ್ನು ಬಹಳ ಮಿತವಾಗಿ ಬಳಸಬೇಕಾಗುತ್ತದೆ. ಬಿಳಿಯೆಂದು ನಾವು ಕರೆಯುವ ವಜ್ರದ ಚಿತ್ರದ ತುಂಬ ಇರುವುದು ಬೂದು, ಕಪ್ಪು, ನಸುನೀಲಿಯ ತ್ರಿಕೋನಗಳು. ಪಕ್ಕದ ಕಪ್ಪಿನಿಂದಲೇ ಬಿಳಿಗೆ ಕಿಡಿ ಬರುತ್ತದೆ. ಬೆರಳಿನ ಉಗುರಿನಷ್ಟಿರುವ ಹರಳು ಅಡಿಗಟ್ಟಲೆ ಅಗಲದ ಪಟವಾದಾಗ ಬರಿಗಣ್ಣಿಗೆ ಎಂದೂ ಕಾಣದ ಒಳರಚನೆ ಕಾಣಸಿಗುತ್ತದೆ. ಇದು ನಿಜವಾದ ಸಾಧನೆ, ಅದನ್ನು ಕಡೆಗಣಿಸಲಾಗದು.

ಆದರೆ ಈ ಚಿತ್ರದಲ್ಲಿ ಎರಡು ಅಂಶಗಳು ಇಲ್ಲ. ಒಂದು, ಚಲನೆ. ಬೆಳಕಿನ ಒಂದು ಕ್ಷಣವನ್ನು ಆರಿಸಿ ನಿಲ್ಲಿಸಲಾಗಿದೆ. ನೋಡುವವನು ಎಷ್ಟು ಸರಿದರೂ ಅದು ಕದಲದು. ಇನ್ನೊಂದು, ಧರಿಸುವವರು. ನಮ್ಮ ಚಿತ್ರಪರಂಪರೆಯಲ್ಲಿ ರತ್ನವು ದೇವಿಯ ಮೂಗಿನಲ್ಲಿ, ರಾಮನ ಕಿರೀಟದಲ್ಲಿ, ಅರಸನ ಎದೆಯಲ್ಲಿ, ಮದುಮಗಳ ಬೈತಲೆಯಲ್ಲಿ ಇರುತ್ತದೆ. ಅಲ್ಲಿ ಅದಕ್ಕೆ ಸಂಬಂಧವಿದೆ, ಸ್ಥಾನವಿದೆ. ಸಮಕಾಲೀನ ಪಟದಲ್ಲಿ ಹಿಂದೆ ವ್ಯಕ್ತಿ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಹರಳೇ ಕುಳಿತಿದೆ. ಇದನ್ನು ಅವನತಿಯೆಂದು ಕರೆಯಬೇಕಾಗಿಲ್ಲ. ಸೋಮೇಶ್ವರನ ಮಾತಿನಲ್ಲಿ ಹೇಳುವುದಾದರೆ, ಬೊಕ್ಕಸದ ಪ್ರಕರಣದಲ್ಲಿದ್ದ ರತ್ನ ಯಾರ ಮೈಯನ್ನೂ ಹಾಯದೆ ನೇರವಾಗಿ ಚಿತ್ರದ ಪ್ರಕರಣಕ್ಕೆ ಬಂದಿದೆ. ಹರಳನ್ನು ಪರೀಕ್ಷಕನ ಕಣ್ಣಿನಿಂದ ನೋಡುವ ಸಮಾಜಕ್ಕೆ ಇದು ಸಹಜವಾದ ಚಿತ್ರ. ಹರಳನ್ನು ಮುಡಿಸುವವರ, ಮುಡಿಯುವವರ ಕಣ್ಣಿನಿಂದ ನೋಡಿದ ಸಮಾಜಕ್ಕೆ ಮೈಸೂರಿನ ಪಟ ಸಹಜವಾಗಿತ್ತು.

ಉಪಸಂಹಾರ

ಮೇಲಿನ ಚರ್ಚೆಯಿಂದ ಮೈಸೂರು ಚಿತ್ರಗಾರರಿಗೆ ವಾಸ್ತವದ ಅರಿವಿರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಉಬ್ಬುಗೆಲಸವು ರತ್ನದ ಚಲನೆಯನ್ನು ಉಳಿಸಿಕೊಂಡು ಒಳರಚನೆಯನ್ನು ಬಿಟ್ಟುಕೊಟ್ಟಿತು. ತೈಲವರ್ಣವು ಒಳರಚನೆಯನ್ನು ಪಡೆದು ಚಲನೆಯನ್ನು ಬಿಟ್ಟುಕೊಟ್ಟಿತು. ತೊಗಲುಗೊಂಬೆಯು ವಸ್ತುವನ್ನೇ ತೆಗೆದು ಬೆಳಕನ್ನು ಮಾತ್ರ ಇಟ್ಟುಕೊಂಡಿತು. ಒಂದೊಂದು ಮಾಧ್ಯಮವೂ ರತ್ನದ ಒಂದೊಂದು ಸತ್ಯವನ್ನು ಹಿಡಿದಿದೆ.

ಈ ತಿಳಿವಳಿಕೆ ಪಾಂಡಿತ್ಯದ ವಿಷಯ ಮಾತ್ರವಲ್ಲ, ಸಂರಕ್ಷಣೆಯ ವಿಷಯವೂ ಹೌದು. ಮೈಸೂರು ಸಾಂಪ್ರದಾಯಿಕ ಚಿತ್ರಗಳಿಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಹಳೆಯ ಪಟದ ಬಿರುಕುಬಿಟ್ಟ ಉಬ್ಬನ್ನು ಸಮತಟ್ಟು ಮಾಡಿ ಚಿನ್ನದ ಬಣ್ಣವನ್ನು ಬಳಿದರೆ ಅಥವಾ ಹೆಚ್ಚಿನ ಹೊಳಪಿಗಾಗಿ ಗಾಜಿನ ಹರಳನ್ನು ಅಂಟಿಸಿದರೆ ಪಟ ಉಳಿದರೂ ಅದರ ಅರ್ಥ ಉಳಿಯದು. ವಸ್ತುಸಂಗ್ರಹಾಲಯಗಳ ಸೂಚಿಗಳಲ್ಲಿ ದೇವತೆಯ ಹೆಸರು, ಅಳತೆ, ಕಾಲ ಇವುಗಳ ಜೊತೆಗೆ ಉಬ್ಬಿನ ಸಾಮಗ್ರಿ, ಅದರ ಎತ್ತರ, ಹರಳನ್ನು ಕಾಣಿಸಿದ ಬಗೆ ಇವೂ ದಾಖಲಾಗಬೇಕು. ಪಟಗಳನ್ನು ವಿದ್ಯುದ್ದೀಪದ ಸಮಬೆಳಕಿನಲ್ಲಷ್ಟೇ ಅಲ್ಲದೆ ಪಕ್ಕದಿಂದ ಬೀಳುವ ಮಂದ ಬೆಳಕಿನಲ್ಲಿಯೂ ಛಾಯಾಚಿತ್ರಿಸಬೇಕು. ಮೈಸೂರು, ಕಿನ್ನಾಳಗಳ ಚಿತ್ರಗಾರ ಮನೆತನಗಳಲ್ಲಿ ಉಳಿದಿರುವ ಸಾಮಗ್ರಿಯ, ಹತಾರಗಳ, ಕ್ರಮಗಳ ಹೆಸರುಗಳನ್ನು ಅವರ ಮಾತಿನಲ್ಲಿಯೇ ಸಂಗ್ರಹಿಸಬೇಕು. ಹಳೆಯ ಪಟಗಳ ಮೇಲೆ ಬಹುಪಾಲು ಚಿತ್ರಗಾರನ ಹೆಸರಿಲ್ಲ. ಅವನು ಬಿಟ್ಟುಹೋದ ಸಹಿಯೆಂದರೆ ಮಕ್ಕಿ ಸಫೇದದ ಆ ಎಳೆ, ಅದರ ನಡುವಿನ ಆ ಕೆಂಪು. ಅದನ್ನು ಓದಲು ಬಲ್ಲವರು ಇರುವಾಗಲೇ ಓದಿಕೊಳ್ಳಬೇಕಾದುದು ಇಂದಿನ ಸಂಶೋಧಕರ ಹೊಣೆ.